ರೊಕ್ಕ ಕೊಡ್ತೀರಿ, ಲೆಕ್ಕ ಕಲಿಸೀರೇನು?

ದೇವಿಕೊಪ್ಪ: ಶಾಲೆಯ ಅಂಗಳದಲ್ಲಿ ಗೋಣಿತಟ್ಟು ಹಾಸಿ, ಹಸಿಮೆಣಸಿನಕಾಯಿ, ಮೆಂತ್ಯೆ, ಚುರಮರಿ ಹರವಿಕೊಂಡು ಕುಳಿತವರೆಲ್ಲ ಚಿಕ್ಕ ಮಕ್ಕಳೇ. "ಬರ್ರಿ ಯಕ್ಕಾ, ಹತ್ತಕ್ಕ ಎರಡು ಸಿವುಡು!" ಎಂಬ ಕೂಗು. ಕಲಘಟಗಿ ತಾಲೂಕಿನ ಈ ಊರಿನಲ್ಲಿ ಅಂದು ಮಕ್ಕಳ ಸಂತೆ.

ಆರನೆಯ ಇಯತ್ತೆಯ ಹುಡುಗಿಯೊಬ್ಬಳು ಸಂಜೆ ಚೀಲ ಸುರಿದು ಎಣಿಸಿದಳು. 160 ರೂಪಾಯಿ! "ಇಷ್ಟೂ ಲಾಭ ರೀ ಸರ್" ಎಂದು ಕುಣಿದಳು.

"ಪಲ್ಯೆ ಎಲ್ಲಿಂದ ಬಂತು ತಂಗಿ?" ಎಂದರು ಗುರುಗಳು.

"ನಮ್ಮವ್ವ 120 ರೂಪಾಯಿ ಕೊಟ್ಟು ತಂದಾಳ್ರಿ."

"ಹಂಗಾರ ಅವ್ವನ ರೊಕ್ಕ ಅವ್ವಗ ಕೊಡು. ಉದ್ರಿ ಎಷ್ಟು ಕೊಟ್ಟಿ?"

"ಇಪ್ಪತ್ತು ರೂಪಾಯಿರಿ. ಗೆಳತಿ ನಾಳೆ ಕೊಡ್ತಾಳಂತ."

ಕೊಟ್ಟರೆ ಲಾಭ 60, ಕೊಡದಿದ್ದರೆ 40. ಹುಡುಗಿಯ ಮುಖ ಸಣ್ಣದಾಯಿತು. ಆದರೆ ಬಂಡವಾಳ ಯಾವುದು, ಲಾಭ ಯಾವುದು, ಉದ್ರಿಯ ಹಣೆಬರಹ ಏನು ಎಂಬ ಮೂರೂ ಪಾಠ ಒಂದೇ ಸಂಜೆಗೆ ಮುಗಿದವು. ದೊಡ್ಡವರೆಷ್ಟೋ ಮಂದಿಗೆ ಈ ಲೆಕ್ಕ ಬರುವುದು ಅಂಗಡಿ ಮುಚ್ಚಿದ ಮೇಲೆ!

ಇದೇ ಊರಿನಲ್ಲಿ ಇನ್ನೊಂದು ಕಥೆಯೂ ಇದೆ. ಸಂಘದ ಕಂತಿಗೆಂದು ತಾಯಿ ಕೂಡಿಹಾಕಿದ 3,000 ರೂಪಾಯಿಯನ್ನು ಕಾಲೇಜು ಕಲಿಯುವ ಮಗ ಮೊಬೈಲ್ ಆಟದಲ್ಲಿ ಕಳೆದ. "ಬಟನ್ ಒತ್ತಿದ್ನಂತರಿ, ಹೋತಂತ. ನೋಟಿದ್ರ ಎಣಿಸಿ ಕೊಡೂ ಮುಂದರ ಕೈ ನಡುಗತಿತ್ತು" ಎಂದರು ಆ ತಾಯಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರಲ್ಲಿ ಕಾಯ್ದೆ ಬಂದಿದೆ, ನಿಜ. ಆದರೆ ಕಾಯ್ದೆ ಮುಚ್ಚುವುದು ಒಂದು ಬಾಗಿಲು. ಮೊಬೈಲಿನಲ್ಲಿ ಬಾಗಿಲುಗಳಿಗೇನು ಬರ?

ಉಳಿತಾಯ ನಮ್ಮ ಸೀಮೆಗೆ ಹೊಸದಲ್ಲ. ಆಗ ಧಾರವಾಡ ಜಿಲ್ಲೆಯಲ್ಲಿದ್ದ, ಈಗ ಗದಗ ಜಿಲ್ಲೆಗೆ ಸೇರಿದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರಿ ಸಂಘಗಳಲ್ಲೊಂದನ್ನು ಕಟ್ಟಿದರು. ಉಡುಪಿಯಲ್ಲಿ ಟಿ.ಎಂ.ಎ. ಪೈ ಅವರ ಬ್ಯಾಂಕು 1928ರಲ್ಲಿ ಪಿಗ್ಮಿ ಆರಂಭಿಸಿ, ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲೇ ಹಣ ಎತ್ತಿತು. ಹನಿ ಹನಿ ಕೂಡಿದರೆ ಹಳ್ಳ ಎಂಬ ಮಾತು ಅಲ್ಲಿ ಬ್ಯಾಂಕಿನ ವಹಿಗೇ ಏರಿತು.

ಇಂದಿನ ಮಕ್ಕಳಿಗೆ ದಾರಿ ಇನ್ನೂ ಸಲೀಸು. ಹತ್ತು ವರ್ಷ ತುಂಬಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದೆಂದು ರಿಸರ್ವ್ ಬ್ಯಾಂಕು 2025ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಆ ಖಾತೆಯಲ್ಲಿ ಇದ್ದುದಕ್ಕಿಂತ ಹೆಚ್ಚು ತೆಗೆಯಲು ಬರುವುದಿಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚುವ ಖಾತೆ! ಹತ್ತರೊಳಗಿನ ಹೆಣ್ಣುಮಕ್ಕಳ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದು. ವರ್ಷಕ್ಕೆ ಕನಿಷ್ಠ 250 ರೂಪಾಯಿ ಸಾಕು.

ಆದರೆ ಪಾಸ್‌ಬುಕ್ಕು ಅಪ್ಪನ ಟ್ರಂಕಿನಲ್ಲಿದ್ದರೆ ಮಗು ಕಲಿಯುವುದೇನು? ಮನೆಯ ಸಾಲ ಎಷ್ಟು, ಕಂತು ಯಾವಾಗ ಎಂಬುದನ್ನು ಮಕ್ಕಳಿಂದ ಮುಚ್ಚಿಡುವುದೇ ನಮ್ಮಲ್ಲಿ ರೂಢಿ. ಆ 3,000 ರೂಪಾಯಿ ಕಂತಿನದೆಂದು ಮಗನಿಗೆ ಗೊತ್ತೇ ಇರಲಿಲ್ಲವಂತೆ. ಗೊತ್ತಿದ್ದರೆ ಮುಟ್ಟುತ್ತಿದ್ದನೋ ಇಲ್ಲವೋ, ಒಂದು ಗಳಿಗೆ ಹಿಂದೆಮುಂದೆ ನೋಡುತ್ತಿದ್ದ.

ವಾಚಕರೇ, ವಾರದ ಸಂತೆಗೆ ಮಗನ ಕೈಗೆ ಚೀಲ, ರೊಕ್ಕ, ಚೀಟಿ ಮೂರನ್ನೂ ಕೊಡಿ. ಬಂದ ಮೇಲೆ ಚಿಲ್ಲರೆಯ ಲೆಕ್ಕ ಕೇಳಿ. ತಪ್ಪಿದರೆ ಬೈಯಬೇಡಿ. ಹತ್ತು ರೂಪಾಯಿಯ ತಪ್ಪು ಈಗಲೇ ಆಗಲಿ, ಹತ್ತು ಸಾವಿರದ್ದು ಮುಂದೆ ತಪ್ಪೀತು.

ಇನ್ನು ಶಾಲೆಯ ಮಾತು. ವರ್ಷಕ್ಕೊಂದು ಸಂತೆ ಜಾತ್ರೆಯಾದೀತು, ಪಾಠವಾಗದು. ತಿಂಗಳಿಗೊಂದು ನಡೆಸಿ, ಅಂದೇ ಬ್ಯಾಂಕಿನವರನ್ನೂ ಅಂಚೆಯವರನ್ನೂ ಅಂಗಳಕ್ಕೆ ಕರೆಸಬಾರದೇಕೆ? ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?

ಅಂದಹಾಗೆ, ಗೆಳತಿ ಮರುದಿನ ಉದ್ರಿ ತೀರಿಸಿದಳು. ಹುಡುಗಿ ಅವ್ವನ 120 ರೂಪಾಯಿಯನ್ನು ಆ ರಾತ್ರಿಯೇ ಎಣಿಸಿ ಕೊಟ್ಟಿದ್ದಳು.