ಪಾದಯಾತ್ರೆಯ ಔಷಧ ಪೆಟ್ಟಿಗೆಯಲ್ಲಿ ಉಷ್ಣವಿಜ್ಞಾನ

ಯುಗಾದಿ ಹತ್ತಿರವಾಗುತ್ತಿದ್ದಂತೆ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಭಾಗದ ಹಳ್ಳಿಗಳಿಂದ ಜನರು ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಹಲವು ತಂಡಗಳು ಲಿಂಗಸುಗೂರು, ರಾಯಚೂರು, ಕರ್ನೂಲು, ಆತ್ಮಕೂರುಗಳನ್ನು ದಾಟಿ, ನಲ್ಲಮಲ ಕಾಡಿನಲ್ಲಿ ನಾಗಲೂಟಿ, ಪೆಚ್ಚೆರುವು, ಭೀಮನ ಕೊಳದ ಹಾದಿಯಾಗಿ ಬೆಟ್ಟ ಸೇರುತ್ತವೆ. ಅಥಣಿಯಿಂದ ದೂರ ಸುಮಾರು 500 ಕಿ.ಮೀ.; ನಿಪ್ಪಾಣಿಯವರಿಗೆ ಇನ್ನೂ ಎರಡು ಮೂರು ದಿನಗಳ ನಡಿಗೆ ಹೆಚ್ಚು. ದಾರಿಯುದ್ದಕ್ಕೂ ದಾಸೋಹವಿದ್ದರೂ ಮನೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿಯ ಸಿದ್ಧತೆ ವಾರಗಟ್ಟಲೆ ನಡೆಯುತ್ತದೆ. ಔಷಧದ ಚೀಲ ಮಾತ್ರ ಹೊರಡುವ ಹಿಂದಿನ ಸಂಜೆ ಸಿದ್ಧವಾಗುತ್ತದೆ. ಈ ಕ್ರಮ ತಲೆಕೆಳಗಾಗಬೇಕು. ಏಕೆಂದರೆ ಈ ಹಾದಿಯಲ್ಲಿ ಮನುಷ್ಯನಿಗೂ ಅವನ ಔಷಧಕ್ಕೂ ಇರುವ ಶತ್ರು ಒಂದೇ: ಉಷ್ಣ.

ಮೊದಲು ಲಸಿಕೆಯ ವಿಚಾರ. ಲಸಿಕೆಯನ್ನು ಚೀಲದಲ್ಲಿ ಒಯ್ಯಲು ಬಾರದು, ದೇಹದಲ್ಲೇ ಒಯ್ಯಬೇಕು. ಬಹುತೇಕ ಲಸಿಕೆಗಳನ್ನು ತಯಾರಿಕೆಯಿಂದ ಚುಚ್ಚುವವರೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಕಾಯ್ದಿಡಬೇಕಾಗುತ್ತದೆ. ಇದೇ ಶೀತಲ ಸರಪಳಿ. ನಿಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆಯ ಸೀಸೆಯನ್ನು ಗಮನಿಸಿ. ಅದರ ಮೇಲೆ ಒಂದು ವೃತ್ತ, ಅದರೊಳಗೆ ತಿಳಿಬಣ್ಣದ ಚೌಕ ಇರುತ್ತದೆ. ಉಷ್ಣ ತಾಗಿದಷ್ಟೂ ಚೌಕದೊಳಗಿನ ವಸ್ತು ಪಾಲಿಮರ್ ಆಗಿ ಮಾರ್ಪಟ್ಟು ಕಪ್ಪಾಗುತ್ತದೆ. ಚೌಕದ ಬಣ್ಣ ವೃತ್ತದ ಬಣ್ಣಕ್ಕೆ ಸಮವಾದರೆ ಆ ಲಸಿಕೆಯನ್ನು ಬಳಸುವಂತಿಲ್ಲ. ಒಮ್ಮೆ ಕಪ್ಪಾದದ್ದು ತಂಪಿನಲ್ಲಿಟ್ಟರೂ ಹಿಂದಿರುಗುವುದಿಲ್ಲ.

ವಿದ್ಯಾರ್ಥಿಗಳಿಗೆ ಇಲ್ಲೊಂದು ಒಳ್ಳೆಯ ಲೆಕ್ಕವಿದೆ. ಈ ಸೂಚಕಗಳಲ್ಲಿ ಒಂದು ಬಗೆಯದು 37 ಡಿಗ್ರಿಯಲ್ಲಿ 14 ದಿನಗಳಲ್ಲಿ ಅಂತ್ಯ ಮುಟ್ಟುತ್ತದೆ. 25 ಡಿಗ್ರಿಯಲ್ಲಿ 90 ದಿನ ಬೇಕು. ಅಂದರೆ 12 ಡಿಗ್ರಿಯ ಏರಿಕೆಗೆ ಕ್ರಿಯೆಯ ವೇಗ ಆರು ಪಟ್ಟಿಗಿಂತ ಹೆಚ್ಚು. ಆರ್ಹೀನಿಯಸ್ ಸಮೀಕರಣದಲ್ಲಿ ಈ ಬೆಲೆಗಳನ್ನು ಹಾಕಿದರೆ ಕ್ರಿಯಾಶೀಲನ ಶಕ್ತಿ ಮೋಲ್‌ಗೆ ಸುಮಾರು 120 ಕಿಲೋಜೂಲ್ ಬರುತ್ತದೆ. ‘ಹತ್ತು ಡಿಗ್ರಿಗೆ ಎರಡು ಪಟ್ಟು’ ಎಂದು ನಾವು ತರಗತಿಯಲ್ಲಿ ಹೇಳುವ ನಿಯಮಕ್ಕೆ ಇದು ಹೊಂದುವುದಿಲ್ಲ. ಇಲ್ಲಿ ಅದು ನಾಲ್ಕೂವರೆ ಪಟ್ಟನ್ನೂ ಮೀರುತ್ತದೆ.

ಲಸಿಕೆ ಪಡೆದ ದಿನವೇ ರಕ್ಷಣೆ ಹುಟ್ಟುವುದಿಲ್ಲ. ಪ್ರತಿಕಾಯಗಳು ಸಾಕಷ್ಟು ಬೆಳೆಯಲು ಎರಡು ವಾರಗಳಾದರೂ ಬೇಕು. ಹೋಳಿ ಹುಣ್ಣಿಮೆಯ ಆಚೀಚೆ ಹೊರಡುವವರು ಶಿವರಾತ್ರಿಯ ಹೊತ್ತಿಗೆ ವೈದ್ಯರನ್ನು ಕಂಡಿರಬೇಕೆಂದು ನೆನಪಿಟ್ಟುಕೊಂಡರೆ ಸಾಕು. ಮುಖ್ಯವಾದದ್ದು ಧನುರ್ವಾಯು. ಬರಿಗಾಲಿನಲ್ಲಿ ನಡೆಯುವವರಿಗೆ ಮುಳ್ಳು, ಮೊಳೆ, ಗಾಜಿನ ಗಾಯ ತಪ್ಪಿದ್ದಲ್ಲ. ಕೊನೆಯ ಚುಚ್ಚುಮದ್ದು ಪಡೆದು 10 ವರ್ಷ ಕಳೆದಿದ್ದರೆ ಹೊರಡುವ ಮೊದಲು ಮತ್ತೊಂದು ಪಡೆಯಬೇಕು. ಊರೂರಿನ ನೀರು ಕುಡಿಯುವುದರಿಂದ ವಿಷಮಶೀತ ಜ್ವರದ ಲಸಿಕೆಯನ್ನೂ ವೈದ್ಯರಲ್ಲಿ ವಿಚಾರಿಸುವುದು ಒಳ್ಳೆಯದು.

ನಾಯಿ ಕಚ್ಚಿದರೆ? ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆ ಸೇರಬೇಕು. ಗಾಯ ಆಳವಾಗಿದ್ದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕಾಗುತ್ತದೆ. ಸ್ನಾಯುವಿಗೆ ಕೊಡುವ ರೇಬೀಸ್ ಲಸಿಕೆಯ ದಿನಗಳು 0, 3, 7, 14, 28. ದಿನಕ್ಕೆ 30 ಕಿ.ಮೀ. ನಡೆಯುವವರಿಗೆ ಲಿಂಗಸುಗೂರಿನಲ್ಲಿ ಮೊದಲನೆಯದು, ರಾಯಚೂರಿನಲ್ಲಿ ಎರಡನೆಯದು, ಕರ್ನೂಲಿನಲ್ಲಿ ಮೂರನೆಯದು ಎಂದು ಹೆಚ್ಚುಕಡಿಮೆ ಕೂಡಿಬರುತ್ತದೆ! ಆದರೆ ಮೊದಲ ಆಸ್ಪತ್ರೆಯ ಚೀಟಿ ಜೊತೆಗಿರಬೇಕು, ನಡಿಗೆ ನಿಂತರೂ ಲಸಿಕೆ ನಿಲ್ಲಬಾರದು.

ಇನ್ನು ನಡೆಯುವ ದೇಹದ ಲೆಕ್ಕ. ಸಾಧಾರಣ ವೇಗದಲ್ಲಿ ನಡೆಯುವ ವಯಸ್ಕನ ದೇಹ ಸುಮಾರು 300 ವಾಟ್ ಉಷ್ಣ ಉತ್ಪಾದಿಸುತ್ತದೆ. ಹೊರಗಿನ ಗಾಳಿ 40 ಡಿಗ್ರಿ ಇದ್ದಾಗ ದೇಹದಿಂದ ಗಾಳಿಗೆ ಉಷ್ಣ ಹರಿಯುವುದಿಲ್ಲ. ಉಳಿಯುವ ದಾರಿ ಬೆವರಿನ ಆವಿಯಾಗುವಿಕೆ ಒಂದೇ. ಚರ್ಮದ ಉಷ್ಣತೆಯಲ್ಲಿ ಒಂದು ಕಿಲೋಗ್ರಾಂ ನೀರಿನ ಗುಪ್ತೋಷ್ಣ ಸುಮಾರು 2,400 ಕಿಲೋಜೂಲ್. ಆದ್ದರಿಂದ ಗಂಟೆಗೆ ಸುಮಾರು ಅರ್ಧ ಲೀಟರ್ ಬೆವರು ಆವಿಯಾಗಲೇಬೇಕು. ಬಿಸಿಲಿನ ವಿಕಿರಣವನ್ನು ಇದರಲ್ಲಿ ಸೇರಿಸಿಲ್ಲ. ಬೆಳಗಿನ ಜಾವ ಮತ್ತು ಸಂಜೆ ನಡೆದು ಮಧ್ಯಾಹ್ನ ಮರದಡಿ ತಂಗುವ ಹಿರಿಯರ ರೂಢಿಗಿಂತ ಒಳ್ಳೆಯ ಔಷಧ ನನಗೆ ಗೊತ್ತಿಲ್ಲ.

ಮೈ ಕಾದು ಮಾತು ತೊದಲಿದರೆ, ಪ್ರಜ್ಞೆ ಮಸುಕಾದರೆ ಅದು ಉಷ್ಣಾಘಾತ. ಆಗ ಜ್ವರದ ಮಾತ್ರೆ ಕೊಡುವುದು ವ್ಯರ್ಥ. ಜ್ವರದಲ್ಲಿ ಮಿದುಳು ತಾನೇ ದೇಹದ ಉಷ್ಣತೆಯ ಗುರಿಯನ್ನು ಮೇಲೇರಿಸಿರುತ್ತದೆ, ಪ್ಯಾರಾಸಿಟಮಾಲ್ ಅದನ್ನು ಕೆಳಗಿಳಿಸುತ್ತದೆ. ಉಷ್ಣಾಘಾತದಲ್ಲಿ ಗುರಿ ಬದಲಾಗಿಲ್ಲ. ತಣಿಸುವ ವ್ಯವಸ್ಥೆಯೇ ಸೋತಿದೆ. ನೆರಳು, ಮೈಮೇಲೆ ನೀರು, ಬೀಸಣಿಕೆ, 108ಕ್ಕೆ ಕರೆ. ತಡ ಮಾಡಿದರೆ ಜೀವಕ್ಕೇ ಅಪಾಯ.

ಓ.ಆರ್.ಎಸ್. ಪೊಟ್ಟಣ ಎಲ್ಲರ ಚೀಲದಲ್ಲೂ ಇರುತ್ತದೆ, ಆದರೆ ಬಳಕೆಯಲ್ಲಿ ತಪ್ಪಾಗುತ್ತದೆ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದು ಕುಡಿಸುವುದನ್ನು ನಾನು ನೋಡಿದ್ದೇನೆ. ಸರಿಯಾಗಿ ಕಲಸಿದ ದ್ರಾವಣದ ಸಾಂದ್ರತೆ ಲೀಟರಿಗೆ 245 ಮಿಲಿಆಸ್ಮೋಲ್. ರಕ್ತದ್ದು ಸುಮಾರು 290. ಹೀಗಾಗಿ ನೀರು ಕರುಳಿನಿಂದ ರಕ್ತಕ್ಕೆ ಸುಲಭವಾಗಿ ಸೇರುತ್ತದೆ. 200 ಮಿಲಿಲೀಟರಿನಲ್ಲಿ ಕಲಸಿದರೆ ಸಾಂದ್ರತೆ 1,225ಕ್ಕೇರುತ್ತದೆ. ಆಗ ಪರಾಸರಣದಿಂದ ನೀರು ರಕ್ತದಿಂದ ಕರುಳಿಗೇ ಇಳಿದು ಭೇದಿ ಹೆಚ್ಚುತ್ತದೆ. ಆರೋಗ್ಯವಾಗಿ ನಡೆಯುತ್ತಿರುವವರಿಗೆ ಉಪ್ಪು ಬೆರೆಸಿದ ಮಜ್ಜಿಗೆ, ನೀರು, ಹೊಟ್ಟೆ ತುಂಬ ಊಟ ಸಾಕು.

ಚೀಲವನ್ನು ಎಲ್ಲಿಡಬೇಕು ಎಂಬುದೂ ಮುಖ್ಯ. ಬಿಸಿಲಲ್ಲಿ ನಿಂತ ಟೆಂಪೋದ ಮುಂಗಾಜಿನ ಕೆಳಗೆ ಉಷ್ಣತೆ 60 ಡಿಗ್ರಿ ಮುಟ್ಟಬಹುದು. ಮಾತ್ರೆಗಳ ಪೆಟ್ಟಿಗೆಯನ್ನು ಅಲ್ಲಿಡಬಾರದು. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಇನ್ನೂ ಸೂಕ್ಷ್ಮ. ಬಳಕೆಯಲ್ಲಿರುವ ಸೀಸೆ 30 ಡಿಗ್ರಿಯೊಳಗಿರಬೇಕು. ಇಲ್ಲಿ ನಮ್ಮ ಮಣ್ಣಿನ ಮಡಕೆ ನೆರವಾಗುತ್ತದೆ. ಗಾಳಿ 40 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡ 20 ಇರುವಾಗ ಆರ್ದ್ರ ಬಲ್ಬಿನ ಉಷ್ಣತೆ ಸುಮಾರು 23 ಡಿಗ್ರಿ. ನೆರಳು, ಗಾಳಿ ಇರುವೆಡೆ ಒದ್ದೆ ಬಟ್ಟೆ ಸುತ್ತಿದ ಮಡಕೆ ಈ ಮಟ್ಟದ ಸಮೀಪಕ್ಕೆ ಇಳಿಯುತ್ತದೆ. ಸೀಸೆಯನ್ನು ನೀರು ಹೋಗದ ಡಬ್ಬಿಯಲ್ಲಿ ಹಾಕಿ ಅದರೊಳಗಿಡಬಹುದು. ಎರಡು ಉಷ್ಣಮಾಪಕಗಳಿದ್ದರೆ ಇದನ್ನು ಶಾಲೆಯ ಅಂಗಳದಲ್ಲೇ ಅಳೆದು ತೋರಿಸಬಹುದು. ಲಸಿಕೆಗೆ ಮಾತ್ರ ಮಡಕೆ ಸಾಲದು. ಎಷ್ಟೇ ಗಾಳಿ ಬೀಸಿದರೂ ಅದು ಆರ್ದ್ರ ಬಲ್ಬಿನ ಉಷ್ಣತೆಗಿಂತ ಕೆಳಗಿಳಿಯಲಾರದು.

ಹಾವಿನ ಪ್ರತಿವಿಷವನ್ನು ಜೊತೆಗೊಯ್ಯುವ ಬಗ್ಗೆ ಕೆಲವರು ಕೇಳುತ್ತಾರೆ. ಪುಡಿಯ ರೂಪದ್ದು ಬಿಸಿಯನ್ನು ಅಷ್ಟಿಷ್ಟು ತಡೆದೀತು. ಆದರೆ ಅದನ್ನು ಚುಚ್ಚಿದಾಗ ಪ್ರಾಣಾಪಾಯದ ಅಲರ್ಜಿ ಉಂಟಾಗಬಹುದಾದ್ದರಿಂದ ಆಸ್ಪತ್ರೆಯಲ್ಲೇ ಕೊಡಬೇಕು; ಆರಂಭದಲ್ಲೇ 8–10 ಸೀಸೆ ಬೇಕಾಗುತ್ತದೆ. ಅದು ಎಲ್ಲಿ ದೊರೆಯುತ್ತದೆ ಎಂಬುದನ್ನು ಕಾಡು ಹೊಗುವ ಮೊದಲು ಆತ್ಮಕೂರಿನಲ್ಲಿ ವಿಚಾರಿಸಿ ಬರೆದಿಟ್ಟುಕೊಳ್ಳಿ. ಕಟ್ಟುಹಾವು ರಾತ್ರಿ ನೆಲದಲ್ಲಿ ಮಲಗಿದವರನ್ನು ಕಚ್ಚುತ್ತದೆ, ನೋವೂ ಅಷ್ಟಾಗಿ ತಿಳಿಯದು. ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದ ಸೊಳ್ಳೆಪರದೆ ಹಾವನ್ನೂ ಸೊಳ್ಳೆಯನ್ನೂ ದೂರವಿಡುತ್ತದೆ. ಮಲೇರಿಯಾ ಸೊಳ್ಳೆ ಕಚ್ಚಿದ ಕೂಡಲೇ ಜ್ವರ ಬರುವುದಿಲ್ಲ. ಒಂದೆರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಊರಿಗೆ ಮರಳಿದ ಮೇಲೆ ಜ್ವರ ಬಂದರೆ ರಕ್ತಪರೀಕ್ಷೆ ಮಾಡಿಸಿ, ನಲ್ಲಮಲ ಕಾಡಿನಲ್ಲಿ ತಂಗಿದ್ದೆವೆಂದು ವೈದ್ಯರಿಗೆ ಹೇಳಬೇಕು.