ಕಾಡುಕುರಿಯ ವರ್ಣತಂತುಗಳು ಎಲ್ಲಿ ಹೋದವು?

ಪ್ರಶ್ನೆ: ಮನುಷ್ಯರಿಗೆ 46 ವರ್ಣತಂತುಗಳು. ಕಾಡುಕುರಿಗೆ ಆರೇಳು ಮಾತ್ರವಂತೆ. ಉಳಿದವು ಕಳೆದುಹೋದವೇ?

ಉತ್ತರ: ಇಲ್ಲ, ಒಂದಕ್ಕೊಂದು ಬೆಸೆದುಕೊಂಡಿವೆ. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ನಾಯಿಯಂತೆ ಬೊಗಳುವ ಈ ಪುಟ್ಟ ಜಿಂಕೆಯ ಹೆಣ್ಣಿಗೆ 6, ಗಂಡಿಗೆ 7 ವರ್ಣತಂತುಗಳು. ಸ್ತನಿಗಳಲ್ಲೇ ಅತಿ ಕಡಿಮೆ. 1970ರಲ್ಲಿ ಇದನ್ನು ವರದಿ ಮಾಡಿದವರು ವುರ್ಸ್ಟರ್ ಮತ್ತು ಬೆನಿರ್ಷ್ಕೆ. ಚೀನಾದಲ್ಲಿರುವ ಇದರ ಹತ್ತಿರದ ಬಂಧು ರೀವ್ಸ್ ಕಾಡುಕುರಿಗೆ ಮಾತ್ರ ನಮ್ಮಂತೆಯೇ 46! ನೋಡಲು ಎರಡೂ ಹೆಚ್ಚುಕಡಿಮೆ ಒಂದೇ. ವಂಶವಾಹಿಗಳೂ ಬಹುಪಾಲು ಅವೇ. ಹಲವು ಬಿಡಿ ಹೊತ್ತಗೆಗಳನ್ನು ಮೂರು ದಪ್ಪ ಸಂಪುಟಗಳಾಗಿ ಕಟ್ಟಿಸಿದರೆ ಒಳಗಿನ ಬರಹ ಬದಲಾಗುತ್ತದೆಯೇ? ಇದೂ ಹಾಗೆಯೇ.

ಬೆಸುಗೆ ನಡೆದದ್ದು ತುದಿಗೆ ತುದಿ ಅಂಟಿ. ಬೆಸೆದ ಜಾಗಗಳಲ್ಲಿ ಹಳೆಯ ತುದಿಗಳ ಡಿಎನ್‌ಎ ಕುರುಹು ಇಂದಿಗೂ ಸಿಗುತ್ತದೆ. ಗಂಡಿಗೆ ಒಂದು ಹೆಚ್ಚಿರುವುದಕ್ಕೂ ಇದೇ ಕಾರಣ: ಎಕ್ಸ್ ವರ್ಣತಂತು ಇನ್ನೊಂದರ ಜೊತೆ ಸೇರಿಕೊಂಡಿದೆ, ವೈ ಒಂಟಿಯಾಗಿ ಉಳಿದಿದೆ.

ನಮ್ಮಲ್ಲೂ ಇಂಥದ್ದೊಂದು ಗುರುತಿದೆ, ನನಗಂತೂ ಇದೇ ಹೆಚ್ಚು ರೋಮಾಂಚಕ. ಚಿಂಪಾಂಜಿಗೆ 48 ವರ್ಣತಂತುಗಳು. ನಮ್ಮ ಪೂರ್ವಜರಲ್ಲಿ ಎರಡು ಬೆಸೆದುಕೊಂಡು ಈಗಿನ 2ನೇ ವರ್ಣತಂತುವಾದವು. ಅದರ ನಡುವೆ ಆ ಹಳೆಯ ತುದಿಗಳು ಎದುರುಬದುರಾಗಿ ಕೂಡಿರುವುದನ್ನು ಇಂದೂ ಓದಬಹುದು.