ಕಿವಿ ಕಟ್ಟಿದ್ದೆಲ್ಲ ಶೀತವಲ್ಲ

ನಾಪೋಕ್ಲುವಿನ ಮಳೆಗಾಲದಲ್ಲಿ ಯಾರದೋ ಕಿವಿ ಕಟ್ಟಿತೆಂದರೆ ಮನೆಯವರೆಲ್ಲರ ಉತ್ತರ ಒಂದೇ: ಶೀತ. ಬೆಚ್ಚಗಿನ ಎಣ್ಣೆ ಎರಡು ತೊಟ್ಟು ಬಿಟ್ಟು ಕಾಯುತ್ತಾರೆ. ಹೆಚ್ಚಿನ ಸಲ ಅದು ಶೀತವೋ ಗುಗ್ಗೆಯೋ ಆಗಿರುತ್ತದೆ. ಅಪರೂಪಕ್ಕೆ ಆಗಿರುವುದಿಲ್ಲ, ಆಗ ಕಾದದ್ದೇ ಕೇಡು.

2024ರ ಜೂನ್‌ನಲ್ಲಿ ಗಾಯಕಿ ಅಲ್ಕಾ ಯಾಜ್ಞಿಕ್ ತಮಗೆ ಹೀಗಾದದ್ದನ್ನು ತಾವೇ ಹೇಳಿಕೊಂಡರು. ವಿಮಾನದಿಂದಿಳಿದು ಬಂದವರಿಗೆ ಏನೂ ಕೇಳಿಸಲಿಲ್ಲ. ವೈರಸ್ ದಾಳಿಯಿಂದ ಬಂದ ನರದ ಕಿವುಡು ಎಂದರು ವೈದ್ಯರು. ಸಾಮಾನ್ಯವಾಗಿ ಇಂಥ ದಿಢೀರ್ ಕಿವುಡು ಒಂದೇ ಕಿವಿಗೆ, ಮೂರು ದಿನದೊಳಗೆ ಬರುತ್ತದೆ. ಎಷ್ಟೋ ಜನ ಬೆಳಗ್ಗೆ ಏಳುವಾಗಲೇ ಒಂದು ಕಿವಿ ಸತ್ತಿರುತ್ತದೆ, ಒಳಗೆ ಗುಂಯ್ ಎನ್ನುತ್ತಿರುತ್ತದೆ.

ಪೆಟ್ಟು ಬೀಳುವುದು ಒಳಗಿವಿಯ ಕರ್ಣಶಂಖಕ್ಕೆ. ಎರಡೂವರೆ ಸುತ್ತಿನ ಈ ಕೊಳವೆಯಲ್ಲಿ ಸುಮಾರು 15,000 ರೋಮಕೋಶಗಳಿವೆ. ದನಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸಿ ನರಕ್ಕೆ ದಾಟಿಸುವುದು ಅವೇ. ಸತ್ತರೆ ಮರಳಿ ಹುಟ್ಟುವುದಿಲ್ಲ. ಅಂಗಳದ ಕೋಳಿಗೆ ಹುಟ್ಟುತ್ತವೆ, ಸಾಕಿದವರಿಗಿಲ್ಲ!

ಮಂಗನಬಾವು, ದಡಾರ, ಸರ್ಪಸುತ್ತಿನ ವೈರಸ್‌ಗಳು ಕಿವುಡು ತರಬಲ್ಲವೆಂಬುದು ಖಚಿತ. ಆದರೆ ದಿಢೀರ್ ಕಿವುಡಿನ ಹತ್ತರಲ್ಲಿ ಒಂಬತ್ತು ಪ್ರಕರಣಗಳಲ್ಲಿ ಕಾರಣವೇ ಸಿಗುವುದಿಲ್ಲ. ದೇಹದ ಅತಿ ಗಟ್ಟಿ ಮೂಳೆಯೊಳಗೆ ಹುದುಗಿದ ಅಂಗದಿಂದ, ರೋಗಿ ಬದುಕಿರುವಾಗ, ಚೂರು ಕತ್ತರಿಸಿ ನೋಡುವಂತಿಲ್ಲ. ಸತ್ತವರ ಕಿವಿಮೂಳೆ ಪರೀಕ್ಷಿಸಿದ ಅಮೆರಿಕದ ಹೆರಾಲ್ಡ್ ಶುಕ್ನೆಕ್ಟ್ 1980ರ ದಶಕದಲ್ಲಿ ವೈರಸ್ ಹಾನಿಯನ್ನೇ ಹೋಲುವ ಗುರುತುಗಳನ್ನು ಕಂಡರು. ರಕ್ತನಾಳ ಕಟ್ಟಿಕೊಂಡಿರಬಹುದೆಂಬ ವಾದವೂ ಇದೆ. ಹಾಗಾಗಿ ಚೀಟಿಯಲ್ಲಿ ‘ವೈರಲ್’ ಎಂದು ಬರೆದಿದ್ದರೆ ಅದು ಬಹುಮಟ್ಟಿಗೆ ಊಹೆ, ಆಧಾರವಿರುವ ಊಹೆ. ವಿಚಿತ್ರವೆಂದರೆ ವೈರಸ್ ನಿರೋಧಕ ಔಷಧಿಗಳಿಂದ ಲಾಭವಾದದ್ದು ಸಾಬೀತಾಗಿಲ್ಲ. ಕೊಡುವುದು ಸ್ಟೀರಾಯ್ಡ್, ಅದೂ ಮೊದಲ ಎರಡು ವಾರದೊಳಗೆ, ಬೇಗ ಕೊಟ್ಟಷ್ಟೂ ಒಳ್ಳೆಯದು. ಔಷಧಿಯಿಲ್ಲದೆಯೂ ಕೆಲವರಿಗೆ ಕಿವಿ ಮರಳುತ್ತದೆ. ಅದನ್ನು ನಂಬಿ ಕೂರುವುದು ಜೂಜು.

ಮನೆಯಲ್ಲೇ ಒಂದು ಸುಳಿವು ಸಿಗುತ್ತದೆ. ಬಾಯಿ ಮುಚ್ಚಿ ‘ಮ್‌ಮ್’ ಎನ್ನಿ. ಕಟ್ಟಿದ ಕಿವಿಯಲ್ಲೇ ಸದ್ದು ಜೋರಾದರೆ ಗುಗ್ಗೆಯೋ ಶೀತವೋ ಇರಬಹುದು. ಚೆನ್ನಾಗಿರುವ ಕಿವಿಯತ್ತ ಸರಿದರೆ ನರದ ತೊಂದರೆಯ ಶಂಕೆ. ಇದು ಪರೀಕ್ಷೆಗೆ ಬದಲಿಯಲ್ಲ. ಎಣ್ಣೆ ಬಿಡಬೇಡಿ, ಸಂತೆ ಮುಗಿಯಲಿ, ಮಳೆ ನಿಲ್ಲಲಿ ಎನ್ನಬೇಡಿ. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಅಂದೇ, ತಪ್ಪಿದರೆ ಮರುದಿನವೇ ಹೋಗಿ ಕಿವಿ ಪರೀಕ್ಷೆ ಮಾಡಿಸಿ.